ಎಕ್ಕಿ ಬೈಗುಳ, ಕರಕಿ ಹರಕಿ

ಭಾಗ 1/8

ಮೊದಲ ಫೋಟೋದಲ್ಲಿ ಇರೋದು ಎಕ್ಕಿ ಗಿಡ. ಸ್ವೈಪ್ ಮಾಡಿದ್ರೆ ಎರಡನೇದು ಕರಕಿ, ನಿಮ್ಮ ಕಡೆ ಗರಿಕೆ ಅಂತೀರಲ್ಲ ಅದೇ. ಎರಡನ್ನೂ ನಮ್ಮ ಗುಂಡಗುರ್ತಿ ಹೊಲದಲ್ಲಿ ಒಂದೇ ಮುಂಜಾನೆ, ಹತ್ತು ಹೆಜ್ಜೆ ಅಂತರದಲ್ಲಿ ತೆಗೆದೆ. ಇವೆರಡರಲ್ಲಿ ಕೆಟ್ಟ ಗಿಡ ಯಾವುದು ಅಂತ ಕೇಳಿದ್ರೆ ನೀವು ಏನಂತೀರಿ? ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಓದಿ.

ನಾನೂ ಎಕ್ಕಿ ಅಂತಲೇ ಹೇಳ್ತಿದ್ದೆ. ಮುತ್ಯಾ ತೀರಿಕೊಂಡ ಮೇಲೆ ನಮ್ಮ ಹೊಲ ಎರಡು ವರ್ಷ ಬೀಳು ಬಿತ್ತು. ಅಪ್ಪನಿಗೆ ಫ್ಯಾಕ್ಟರಿ ಪಾಳಿ, ನನಗೆ ಕಾಲೇಜು. ಎರಡನೇ ಮಳೆಗಾಲ ಮುಗಿಯೋ ಹೊತ್ತಿಗೆ ಹೊಲದ ನಡುವೆ ಆಳೆತ್ತರದ ಎಕ್ಕಿ ಗಿಡಗಳು ನಿಂತಿದ್ದವು. ಪಕ್ಕದ ಹೊಲದವರು ಅವ್ವನಿಗೆ, "ಏನ್ ತಂಗಿ, ನಿಮ್ಮ ಹೊಲದಾಗ ಎಕ್ಕಿ ಹುಟ್ಯಾವಲ್ಲ?" ಅಂದರು. ಕೇಳಿದವರಿಗೆ ಅದು ಬರೀ ಪ್ರಶ್ನೆ ಅನಿಸಬಹುದು. ಅವ್ವ ಮಾತ್ರ ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಅದೇ ದೀಪಾವಳಿಗೆ ಹೈದರಾಬಾದ್‌ನಿಂದ ಕಾಕಾ ಬಂದಾಗ ಮಾತು ತೆಗೆದರು: "ಮಾರಿಬಿಡೋಣ ಅಣ್ಣಾ, ಮಾಡೋರು ಯಾರದಾರ?" ಹೊಲ ನೋಡಲು ಒಬ್ಬರು ಬಂದರು. ಅವರನ್ನ ಕರಕೊಂಡು ಹೋದವನು ನಾನೇ. ಎಕ್ಕಿ ನೋಡಿ ಬೆಲೆ ಇಳಿಸ್ತಾರೆ ಅಂತ ಹಿಂದಿನ ದಿನವೇ ನಾಲ್ಕು ಗಿಡ ಕಡಿದಿದ್ದೆ. ಅವರು ಉಳಿದ ಎಕ್ಕಿಗಳ ಪಕ್ಕದಲ್ಲೇ ನಡೆದು ಹೋದರು, ತಿರುಗಿ ಸಹ ನೋಡಲಿಲ್ಲ. ಹೊಲದ ಮಧ್ಯ ಕೂತು ಕೈಯಲ್ಲಿದ್ದ ಕೋಲಿನಿಂದ ಮಣ್ಣು ಕೆದರಿ, ಒಂದು ಬಿಳಿ ಬೇರು ಎಳೆದರು. ಎಳೆದಷ್ಟೂ ಬಂತು. ಎದ್ದು ನಿಂತು ಕೈ ಜಾಡಿಸಿ, "ಕರಕಿ ಬಾಳ ಅದ" ಅಂದರು. ಬೆಲೆ ಇಳಿದದ್ದು ಅಲ್ಲಿ.

ಜನ ಬೈಯೋದು ಎಕ್ಕಿಗೆ, ಬೆಲೆ ಇಳಿಸೋದು ಕರಕಿ. ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದೆ. ಸಿಕ್ಕದ್ದೇ ಈ ಎಂಟು ಭಾಗ.

ಭಾಗ 2/8

ಮೊದಲು ಮಾತಿನ ಚರಿತ್ರೆ.

ನನ್ನ ಹಾಸ್ಟೆಲ್ ರೂಮಿನಲ್ಲಿ ಮಂಡ್ಯ ಕಡೆಯ ಗೆಳೆಯ ಒಬ್ಬ ಇದ್ದಾನೆ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದರೂ, ಫೋನ್ ಬಿದ್ದು ಒಡೆದರೂ ಅವನ ಬಾಯಲ್ಲಿ ಒಂದೇ ಮಾತು: "ಎಕ್ಕುಟ್ಟೋಯ್ತು." ಅದರ ಅರ್ಥ ಗೊತ್ತೇನೋ ಅಂದರೆ, "ಹಾಳಾಯ್ತು ಅಂತ" ಅಂದ. ಆ ಮಾತನ್ನ ಬಿಡಿಸಿ ಹೇಳುವ ಹಿರಿಯರು 'ಎಕ್ಕ ಹುಟ್ಟಿ ಹೋಯ್ತು' ಅಂತ ಬಿಡಿಸ್ತಾರೆ. ನಿನ್ನ ಮನೆ ಬಿದ್ದು, ಆ ಜಾಗದಲ್ಲಿ ಎಕ್ಕದ ಗಿಡ ಹುಟ್ಟಲಿ ಅನ್ನೋ ಶಾಪ ಅದು. ದಿನಕ್ಕೆ ಹತ್ತು ಸಲ ಆಡುವ ಮಾತಿನೊಳಗೆ ಒಂದು ಹಾಳು ಮನೆ ಇದೆ.

ಕರಕಿಗೆ ಇದರ ಉಲ್ಟಾ ಮರ್ಯಾದೆ. ಮನೆತನ ಕರಕಿ ಹಂಗ ಹಬ್ಬಲಿ ಅಂತ ಹರಸ್ತಾರೆ. ಗಣಪತಿಗೆ 21 ಕರಕಿ ಇಲ್ಲದೆ ಪೂಜೆ ಆಗೋದಿಲ್ಲ. ಅನಲಾಸುರ ಅನ್ನೋ ಬೆಂಕಿಯಂಥ ರಾಕ್ಷಸನನ್ನ ಗಣಪ ನುಂಗಿದಾಗ ಹೊಟ್ಟೆ ಉರಿ ಆರಿಸಿದ್ದು ಈ ಹುಲ್ಲೇ ಅಂತ ಪುರಾಣದ ಕಥೆ.

ಆದರೆ ಎಕ್ಕಿಯನ್ನ ದೇವರು ದೂರ ಇಟ್ಟಿಲ್ಲ ನೋಡಿ. ಶನಿವಾರ ಹಣಮಂದೇವರ ಗುಡಿಯಲ್ಲಿ ಎಕ್ಕಿ ಎಲೆಯ ಹಾರ ಇರುತ್ತೆ. ರಥಸಪ್ತಮಿಗೆ ಏಳು ಎಲೆ ತಲೆ, ಭುಜದ ಮೇಲೆ ಇಟ್ಟುಕೊಂಡು ಸ್ನಾನ ಮಾಡ್ತಾರೆ. ಬಿಳಿ ಎಕ್ಕದ ಬೇರಿನಲ್ಲಿ ಗಣಪತಿಯನ್ನೇ ಕಾಣುವವರಿದ್ದಾರೆ. ಮನೆ ಮುಂದೆ ಬೇಡ, ಗುಡಿಯೊಳಗೆ ಬೇಕು.

ಇದರ ಹೆಸರು ಹಳೇದು. ಹಳಗನ್ನಡದಲ್ಲಿ ಎರ್ಕೆ, ತಮಿಳಲ್ಲಿ ಎರುಕ್ಕು, ಮಲಯಾಳದಲ್ಲಿ ಎರಿಕ್ಕ್. ಸೇಡಂ ದಾಟಿ ತೆಲುಗು ಸೀಮೆಗೆ ಹೋದರೆ ಜಿಲ್ಲೇಡು, ಮರಾಠಿಯವರಿಗೆ ರುಯಿ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ತಮಿಳು ಸಂಗಂ ಕವಿ ಕಪಿಲರ್ ತಮ್ಮ ಒಂದು ಪದ್ಯದಲ್ಲಿ ಎರುಕ್ಕಿನ ಹೂವನ್ನ ಒಳ್ಳೇದರ ಲೆಕ್ಕಕ್ಕೂ ಸೇರಿಸಲಿಲ್ಲ, ಕೆಟ್ಟದ್ದರ ಲೆಕ್ಕಕ್ಕೂ ಸೇರಿಸಲಿಲ್ಲ. ಬಡವರು ಅದನ್ನೇ ತಂದುಕೊಟ್ಟರೂ ದೇವರು ಬೇಡ ಅನ್ನೋದಿಲ್ಲ ಅನ್ನೋದು ಅಲ್ಲಿನ ಭಾವ. ನಮ್ಮ ಪಕ್ಕದ ಹೊಲದವರು ಕಪಿಲರನ್ನ ಓದಿಲ್ಲ, ಅಷ್ಟೇ.

ಭಾಗ 3/8

ಶಾಪಕ್ಕೆ ಎಕ್ಕಿಯನ್ನೇ ಯಾಕೆ ಆರಿಸಿಕೊಂಡರು? ಉತ್ತರ ಬೇಕಂದ್ರೆ ನಮ್ಮ ಸೀಮೆಯಲ್ಲೇ ಎರಡು ಊರಿಗೆ ಹೋಗಿಬನ್ನಿ.

ಒಂದು ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ನದಿ ದಂಡೆ. ಇದೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಆಳಿದ ಊರು. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಬಂದು ಊರನ್ನ ಲೂಟಿ ಮಾಡಿದ. ಅದಾದ ಮೇಲೆ ರಾಷ್ಟ್ರಕೂಟರು ಹೆಚ್ಚು ದಿನ ಬಾಳಲಿಲ್ಲ. ಈಗ ಅಲ್ಲಿ ಕಾಣೋ ಕೋಟೆ ಆಮೇಲಿನ ಕಾಲದ್ದು. ನಾನು ಹೋದಾಗ ಬಿದ್ದ ಗೋಡೆಯ ಕಲ್ಲು ಸಂದಿಯಲ್ಲಿ ಎಕ್ಕಿ ಹೂ ಬಿಟ್ಟಿತ್ತು. ಮೂರನೇ ಫೋಟೋ ಅದೇ.

ಇನ್ನೊಂದು ಚಿತ್ತಾಪುರದ ಪಕ್ಕದ ನಾಗಾವಿ. ಕಾಲೇಜು ಓದುವವರೆಲ್ಲ ಒಮ್ಮೆ ನೋಡಬೇಕಾದ ಜಾಗ. 1058ರ ಶಾಸನದ ಪ್ರಕಾರ ಅಲ್ಲೊಂದು ಘಟಿಕಾಸ್ಥಾನ ಇತ್ತು. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲ, ಕಟ್ಟಿಸಿದವನು ದಂಡನಾಯಕ ಮಧುಸೂದನ. ವೇದ ಓದುವವರೇ 200 ಮಂದಿ. ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳು. ಒಂದು ಸಾವಿರ ವರ್ಷದ ಹಿಂದೆ ಚಿತ್ತಾಪುರದಲ್ಲಿ ಲೈಬ್ರರಿಗೆ ಆರು ಜನ ಸ್ಟಾಫ್ ಇದ್ದರು, ಓದಿ ಇನ್ನೊಮ್ಮೆ ಓದಿ. ಈಗ ಉಳಿದದ್ದು ಕಂಬಗಳು, ಗುಡಿ, ಸುತ್ತ ಗಿಡಗಂಟಿ.

ನಮ್ಮ ಹಿರಿಯರು ಇಂಥ ಜಾಗ ನೋಡಿ ನೋಡಿಯೇ ಆ ಶಾಪ ಕಟ್ಟಿರಬೇಕು ಅಂತ ನನಗನ್ನಿಸುತ್ತೆ. ಆದರೆ ಗಿಡದ ಕಡೆಯಿಂದ ಯೋಚನೆ ಮಾಡಿ. ಎಕ್ಕಿ ಬೀಜಕ್ಕೆ ರೇಷ್ಮೆಯಂಥ ಬಿಳಿ ನೂಲು ಇರುತ್ತೆ, ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋಗುತ್ತೆ. ಬೇರು ಆಳಕ್ಕೆ ಇಳಿಯುತ್ತೆ, ಸುಣ್ಣದ ಕಲ್ಲಿನ ಒಣ ಜಾಗವೂ ಸಾಕು. ಹಾಲು ವಿಷ ಆದ್ದರಿಂದ ದನ ಬಾಯಿ ಹಾಕೋದಿಲ್ಲ. ದಿನಾ ಕಸ ಗುಡಿಸೋ ಅಂಗಳದಲ್ಲಿ, ಕುಂಟಿ ಹೊಡೆಯೋ ಹೊಲದಲ್ಲಿ ಸಸಿ ಇರುವಾಗಲೇ ಕಿತ್ತು ಹೋಗುತ್ತೆ. ಅದು ಆಳೆತ್ತರ ಬೆಳೆದಿದೆ ಅಂದರೆ ಅಲ್ಲಿ ಎರಡು ವರ್ಷ ಯಾರೂ ಬಂದಿಲ್ಲ ಅಂತ. ಮನುಷ್ಯ ಹೋದ, ಆಮೇಲೆ ಎಕ್ಕಿ ಬಂತು. ನಾವು ಹಿಂದುಮುಂದು ಮಾಡಿ ಎಕ್ಕಿ ಬಂದದ್ದಕ್ಕೆ ಮನೆ ಹಾಳಾಯ್ತು ಅಂತೀವಿ.

ನಮ್ಮ ಹೊಲಕ್ಕೂ ಇದೇ ಮಾತು. ಅಲ್ಲಿ ಹೋಗದೆ ಇದ್ದದ್ದು ನಾವು.

ಭಾಗ 4/8

ಹಾಗಾದರೆ ಎಕ್ಕಿ ಪಾಪದ ಗಿಡವಾ? ಅಲ್ಲ. ವಿಷ ಇರೋದು ಸುಳ್ಳಲ್ಲ.

ಎಲೆ ಮುರಿದರೆ ಬರುವ ಹಾಲಿನಲ್ಲಿ ಕಾರ್ಡಿನೊಲೈಡ್ ಅನ್ನೋ ಗುಂಪಿನ ವಿಷಗಳಿವೆ. ಅವು ನೇರ ಹೃದಯದ ಬಡಿತವನ್ನ ಕೆಡಿಸುತ್ತವೆ. ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಪೊರೆಗೆ ಪೆಟ್ಟಾಗಿ ಮಬ್ಬಾಗುತ್ತೆ. ಹಂಗೇನಾದರೂ ಆದರೆ ಉಜ್ಜಬೇಡಿ, ತುಂಬಾ ನೀರಿನಿಂದ ತೊಳೆದು ಆವತ್ತೇ ಡಾಕ್ಟರ ಹತ್ತಿರ ಹೋಗಿ. ಹಾರ ಕಟ್ಟುವ ಅಕ್ಕಂದಿರು ಇದನ್ನ ಸೇವ್ ಮಾಡ್ಕೊಳ್ಳಿ.

ಆದರೆ ವಿಷ ಅನ್ನೋದು ಎಕ್ಕಿಯ ಸ್ವಂತ ಆಸ್ತಿ ಅಲ್ಲ. ನಾವು ದಿನಾ ರೊಟ್ಟಿ ಮಾಡಿ ತಿನ್ನೋ ಜೋಳವನ್ನೇ ತೊಗೊಳ್ಳಿ. ಎಳೆ ಜೋಳದಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ ಧುರಿನ್ ಅನ್ನೋ ವಸ್ತು ಇರುತ್ತೆ. ದನ ಮೇದರೆ ಹೊಟ್ಟೆಯಲ್ಲಿ ಅದು ಸೈನೈಡ್ ಆಗುತ್ತೆ. ವಿಜ್ಞಾನಿಗಳು ಇದನ್ನ ಗುರುತಿಸಿದ್ದು 1902ರಲ್ಲಿ. ಎಳೆ ಜೋಳಕ್ಕೆ ದನ ಬಿಡಬೇಡ ಅಂತ ನಮ್ಮ ಮುತ್ಯಾ ಹೇಳ್ತಿದ್ದರು, ಅವರಿಗೆ ಧುರಿನ್ ಹೆಸರು ಗೊತ್ತಿರಲಿಲ್ಲ. ಆದರೂ ಜೋಳವನ್ನ ಯಾರೂ ವಿಷದ ಗಿಡ ಅನ್ನೋದಿಲ್ಲ. ಅನ್ನ ಕೊಡೋರ ತಪ್ಪು ಲೆಕ್ಕಕ್ಕೆ ಬರೋದಿಲ್ಲ ನೋಡಿ.

ಎಕ್ಕಿಯ ಜಮಾ ಕಡೆ ಏನಿದೆ? ಆಡು ಮುಟ್ಟದ ಸೊಪ್ಪಿಲ್ಲ ಅನ್ನೋ ಗಾದೆ ಸುಳ್ಳಾಗಬಾರದು ಅಂತಲೋ ಏನೋ, ಹಣ್ಣಾದ ಎಕ್ಕಿ ಎಲೆಯನ್ನ ಆಡು ತಿನ್ನುತ್ತೆ. ಕೇಸರಿ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳಕ್ಕೆ ಇದೇ ಊಟ. ಆ ವಿಷವನ್ನೇ ಮೈಯಲ್ಲಿ ಇಟ್ಟುಕೊಂಡು ಅದು ಹಕ್ಕಿಗಳಿಂದ ಪಾರಾಗುತ್ತೆ. ಕಾಂಡದ ನಾರು ಗಟ್ಟಿ, ಹಿಂದೆ ಬಿಲ್ಲಿನ ಹೆದೆಗೆ ಹೊಸೆಯುತ್ತಿದ್ದರು. ಕಟ್ಟಿಗೆಯ ಇದ್ದಿಲು ಮದ್ದಿನ ಪುಡಿಗೆ ಹೋಗುತ್ತಿತ್ತು. ಚರ್ಮ ಹದ ಮಾಡುವವರು ಕೂದಲು ಉದುರಿಸಲು ಇದರ ಹಾಲು ಬಳಸುತ್ತಿದ್ದರು. ಬ್ರಿಟಿಷರ ಕಾಲದ 1868ರ ಇಂಡಿಯಾ ಫಾರ್ಮಕೋಪಿಯಾದಲ್ಲಿ ಎಕ್ಕದ ಬೇರಿನ ತೊಗಟೆ ಔಷಧಿಗಳ ಪಟ್ಟಿಯಲ್ಲೇ ಇತ್ತು. ಪರದೇಶದಿಂದ ತರಿಸಬೇಕಾಗಿದ್ದ ಇಪಿಕಾಕ್‌ಗೆ ಬದಲಿ ಅಂತ. ಮನೆಯಲ್ಲಿ ಪ್ರಯೋಗ ಮಾಡಬೇಡಿ, ಚರಿತ್ರೆ ಅಂತ ಓದಿಕೊಳ್ಳಿ.

ಬೀಜದ ಆ ಬಿಳಿ ನೂಲನ್ನ ಚಿಕ್ಕಂದಿನಲ್ಲಿ ಊದಿ ಹಾರಿಸಿದವರು ಕೈ ಎತ್ತಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಶಾಲೆ ಮಕ್ಕಳು ಎಕ್ಕದ ಸಂಬಂಧಿ ಗಿಡವೊಂದರ ಇಂಥದೇ ನೂಲನ್ನ ಚೀಲಗಟ್ಟಲೆ ಆರಿಸಿ ಕೊಟ್ಟಿದ್ದರು, ಸೈನಿಕರ ಲೈಫ್ ಜಾಕೆಟ್ ತುಂಬಿಸಲು. ಜಾವಾದ ಬೂರುಗದ ಹತ್ತಿ ಜಪಾನಿನ ಕೈಗೆ ಹೋಗಿತ್ತು.

ಭಾಗ 5/8

ಈಗ ಕರಕಿ ಸರದಿ.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೊಂದು ಶಾಸ್ತ್ರೀಯ ಹೆಸರಿಟ್ಟ. 1805ರಲ್ಲಿ ಪರ್ಸೂನ್ ಅನ್ನೋನು ಅದನ್ನ ಬದಲಿಸಿ ಸೈನೋಡಾನ್ ಡ್ಯಾಕ್ಟಿಲಾನ್ ಅಂದ. ಸೈನೋಡಾನ್ ಅಂದರೆ ನಾಯಿ ಹಲ್ಲು. ಮೊಳಕೆ ನೋಡಿ, ಚೂಪಾದ ಹಲ್ಲೇ. ಡ್ಯಾಕ್ಟಿಲಾನ್ ಅಂದರೆ ಬೆರಳು, ತೆನೆ ಕೈ ಬೆರಳಿನಂತೆ ಬಿಚ್ಚಿಕೊಂಡಿರುತ್ತೆ. ಇಂಗ್ಲಿಷಿನವರು ಇದನ್ನ ಬರ್ಮುಡಾ ಹುಲ್ಲು ಅಂತಾರೆ. ಅಟ್ಲಾಂಟಿಕ್ ಸಮುದ್ರದ ಆ ದ್ವೀಪಕ್ಕೆ ಇದು ಹೋಗಿ ಸೇರಿದ್ದು ಆಮೇಲೆ. ಊರು ಒಂದು, ಹೆಸರು ಇನ್ನೊಂದು.

ಗುಣ ಹೇಳೋದಾದರೆ ಬೇಕಾದಷ್ಟಿವೆ. ಬಿಸಿಲು, ಬರ, ದನದ ತುಳಿತ ಎಲ್ಲ ತಡೆಯುತ್ತೆ. ನಮ್ಮ ದೇಶದ ಕ್ರಿಕೆಟ್ ಮೈದಾನಗಳಲ್ಲಿ, ಗಾಲ್ಫ್ ಮೈದಾನಗಳಲ್ಲಿ ಹರಡಿರೋದು ಇದೇ ಜಾತಿ. ಒಡ್ಡಿನ ಮೇಲೆ ಇದ್ದರೆ ಒಂದು ಮಳೆಗೂ ಮಣ್ಣು ಜಾರಲು ಬಿಡೋದಿಲ್ಲ. ದನಕ್ಕೆ ಒಳ್ಳೆ ಮೇವು.

ಆದರೆ ಅದೇ ಗುಣ ಹೊಲದೊಳಗೆ ಬಂದರೆ? 1977ರಲ್ಲಿ ಹೋಮ್ ಮತ್ತು ಜೊತೆಗಾರರು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತಂದರು. ಅವರ ಪಟ್ಟಿಯಲ್ಲಿ ಮೊದಲನೇದು ಜೇಕು. ಎರಡನೇದು ನಮ್ಮ ಗಣಪತಿ ಕರಕಿ. ಎಕ್ಕಿ ಆ ಸಾಲಿನಲ್ಲಿ ಹತ್ತಿರಕ್ಕೂ ಇಲ್ಲ.

ಕಾರಣ ಅದರ ಮೈಯಲ್ಲೇ ಇದೆ. ಕರಕಿ ಮೇಲೊಂದು, ಕೆಳಗೊಂದು ಕಾಂಡ ಹಬ್ಬಿಸುತ್ತೆ. ಮೇಲಿನದ್ದು ನೆಲದ ಮೇಲೆ ಬಳ್ಳಿಯಂತೆ ಓಡುತ್ತೆ. ಕೆಳಗಿನದ್ದು ನಾವು ಬೇರು ಅಂತ ತಿಳಿಯೋ ಆ ಬಿಳಿ ಗಟ್ಟಿ ಕಾಂಡ. ಎರಡರಲ್ಲೂ ಗೆಣ್ಣುಗೆಣ್ಣಿಗೆ ಕಣ್ಣು. ಒಂದು ಗೆಣ್ಣು ಮಣ್ಣಲ್ಲಿ ಉಳಿದರೆ ಅದೇ ಹೊಸ ಗಿಡ. ಬೀಜ, ಗಾಳಿ ಯಾವುದೂ ಬೇಡ. ಹತ್ತು ತುಂಡು ಮಾಡಿದರೆ ಹತ್ತು ಗಿಡ.

ಮನೆತನ ಹಿಂಗೇ ಹಬ್ಬಲಿ ಅಂತ ಹರಸುವವರಿಗೆ ಈ ಗುಣ ಇಷ್ಟ ಆಗಿದೆ. ತೊಗರಿ ಬಿತ್ತಿದವನಿಗೆ ಅದೇ ಗುಣ ಕಣ್ಣೀರು. ಮಳೆ ನೀರು, ಗೊಬ್ಬರ ಮೊದಲು ಹೋಗೋದು ಇದರ ಬಾಯಿಗೆ. ಉಳಿದದ್ದು ತೊಗರಿಗೆ.

ಎಕ್ಕಿ ಒಂದು ಗಿಡ, ಒಂದು ಗುಂಡಿ, ಒಬ್ಬ ಆಳು, ಅರ್ಧ ತಾಸು. ಮುಗೀತು. ಕರಕಿಗೆ ಈ ಲೆಕ್ಕ ನಡೆಯೋದಿಲ್ಲ.

ಭಾಗ 6/8

ಕರಕಿಯ ಜೊತೆ ನಮ್ಮ ಸೀಮೆಯ ರೈತರು ಮಾಡಿದ ಜಗಳದ ಚರಿತ್ರೆ ನೇಗಿಲಿನಲ್ಲಿದೆ.

ಎರಿ ಹೊಲವನ್ನ ಹಿಂದೆ ಪ್ರತಿ ವರ್ಷ ನೇಗಿಲಿನಿಂದ ಉಳುತ್ತಿರಲಿಲ್ಲ. ಬೇಸಿಗೆಯಲ್ಲಿ ಈ ಮಣ್ಣು ತಾನೇ ಮೊಳ ಆಳಕ್ಕೆ ಬಿರುಕು ಬಿಡುತ್ತೆ, ಮಳೆಗೆ ತಾನೇ ಕೂಡುತ್ತೆ. ಹಂಗಾಗಿ ವರ್ಷ ವರ್ಷ ಕುಂಟಿ ಹೊಡೆದು ಮೇಲ್ಮಣ್ಣು ಹರಗಿದರೆ ಸಾಕಿತ್ತು. ನೇಗಿಲು ಹೊರಗೆ ಬರುತ್ತಿದ್ದದ್ದು ಹಲವು ವರ್ಷಕ್ಕೊಮ್ಮೆ, ಬಹಳ ಸಲ ಕರಕಿ ಹತ್ತಿದಾಗಲೇ. ಆ ದೊಡ್ಡ ಕಟ್ಟಿಗೆ ನೇಗಿಲು ಎಳೆಯಲು ಎರಡು ಎತ್ತು ಸಾಲದು, ನಾಲ್ಕು ಜೋಡಿ ತನಕ ಬೇಕು. ಅಷ್ಟು ಎತ್ತು ಒಬ್ಬರ ಮನೆಯಲ್ಲಿ ಇರುತ್ತಿರಲಿಲ್ಲ. ಒಬ್ಬರ ಹೊಲಕ್ಕೆ ನಾಲ್ಕು ಮನೆಯ ಎತ್ತು, ಆಮೇಲೆ ಅವರ ಹೊಲಕ್ಕೆ ಇವರದ್ದು. ಇದೇ ಮುಯ್ಯಿ. ನೀವು ಇದನ್ನ ಬಾಂಧವ್ಯ ಅನ್ನಬಹುದು, ನಮ್ಮ ಅಕೌಂಟ್ಸ್ ಮೇಷ್ಟ್ರು ಕ್ರೆಡಿಟ್ ಸಿಸ್ಟಂ ಅಂದಾರು. ಎರಡೂ ಸರಿ.

ಆಮೇಲೆ ಕಬ್ಬಿಣದ ನೇಗಿಲು ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ನೇಗಿಲು ಮೊದಲು ಯಾರೂ ಕೊಳ್ಳಲಿಲ್ಲ. ಯಾಕೆ ಗೊತ್ತಾ? ಕಬ್ಬಿಣ ತಗುಲಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರಿಗೆ ಭಯ. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡೀತು ಅಂತಾರೆ.

ಈ ಕಥೆ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೆಲಕ್ಕೆ ನಿಜವಾಗಿ ಹತ್ತಿದ್ದ ರೋಗ ಕರಕಿ, ಅದಕ್ಕೆ ಕೈ ಮುಗಿಯುತ್ತಿದ್ದರು. ಆ ರೋಗಕ್ಕೆ ಬಂದ ಮದ್ದು ಕಬ್ಬಿಣ, ಅದಕ್ಕೆ ವಿಷ ಅಂದರು. ನಗೋದು ಸುಲಭ. ಆದರೆ ಇರೋ ಒಂದೇ ಹೊಲವನ್ನ ಗೊತ್ತಿಲ್ಲದ ಯಂತ್ರದ ಕೈಗೆ ಕೊಡೋದಕ್ಕೆ ಹೆದರಿದ್ದು ತಪ್ಪಾ? ಮುಂದಿನ ಭಾಗ ಓದಿದ ಮೇಲೆ ಹೇಳಿ. ಹೆದರದೆ ಕೊಟ್ಟವನು ನಾನು.

ಭಾಗ 7/8

ಹೊಲ ನೋಡಲು ಬಂದವರು ಹೋದ ಮೇಲೆ ನನಗೆ ಹಟ ಬಂತು. ಸ್ಕಾಲರ್‌ಶಿಪ್ ದುಡ್ಡಿತ್ತು. ಅಪ್ಪನಿಗೆ ಹೇಳದೆ ಟ್ರ್ಯಾಕ್ಟರ್ ಕರೆಸಿ ರೋಟರ್ ಹೊಡೆಸಿದೆ. ರೋಟಾವೇಟರ್‌ಗೆ ನಮ್ಮ ಕಡೆ ರೋಟರ್ ಅಂತೀವಿ. ಅರ್ಧ ದಿನದಲ್ಲಿ ಹೊಲ ಹಿಟ್ಟು ಜರಡಿ ಹಿಡಿದಂಗೆ ಆಯ್ತು. ಒಂದು ಕರಕಿ ಕಾಣಲಿಲ್ಲ. ಸ್ಟೋರಿ ಹಾಕಿದ್ದೆ, ನಿಮ್ಮಲ್ಲಿ ಬಹಳ ಮಂದಿ ಚಪ್ಪಾಳೆ ಒತ್ತಿದ್ದಿರಿ.

ಆ ವಾರವೇ ಒಂದು ಅಕಾಲ ಮಳೆ ಬಂತು. ಇಪ್ಪತ್ತು ದಿನ ಬಿಟ್ಟು ಹೋಗಿ ನೋಡಿದರೆ, ಮೊದಲು ಅಲ್ಲಲ್ಲಿ ಇದ್ದ ಕರಕಿ ಈಗ ಹೊಲದ ತುಂಬ ಹಸಿರು ಹಾಸು. ರೋಟರಿನ ಬ್ಲೇಡು ಆ ಬಿಳಿ ಕಾಂಡಗಳನ್ನ ತುಂಡು ತುಂಡು ಮಾಡಿ, ಮಣ್ಣಲ್ಲಿ ಸಮನಾಗಿ ಬೆರೆಸಿ, ಮೇಲೆ ಮುಚ್ಚಿತ್ತು. ಅಂದರೆ ನಾನು ಬಾಡಿಗೆ ಕೊಟ್ಟು ಕರಕಿ ಬಿತ್ತನೆ ಮಾಡಿಸಿದ್ದೆ.

ಆಯಿಗೆ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಆಕೆ ನಕ್ಕಳು.

"ನನಗ ಒಂದ್ ಮಾತು ಕೇಳಬಾರ್ದಾಗಿತ್ತೇನಪ್ಪಾ?"

"ನೀ ಮನಿಯಾಗಿರಾಕಿ, ನಿನಗೇನ್ ಗೊತ್ತಾಯಿ?"

"ನಿಮ್ಮ ಮುತ್ಯಾ ನೇಗಿಲ ಹೊಡದಾರ, ಹಿಂದಿಂದ ಕರಕಿ ಆರಿಸಿದಾಕಿ ನಾ. ಎಷ್ಟ್ ಬುಟ್ಟಿ ಹೊತ್ತೀನಿ ಲೆಕ್ಕಿಲ್ಲ."

ಆಮೇಲೆ ಆಯಿ ಹೇಳಿದ ಕ್ರಮ ಇದು. ಸುಗ್ಗಿ ಮುಗಿದು, ಬಿಸಿಲು ಏರಿದ ಮೇಲೆ ಹೊಲ ಆಳಕ್ಕೆ ಉಳಬೇಕು. ದೊಡ್ಡ ದೊಡ್ಡ ಹೆಂಟೆ ಏಳಬೇಕು, ಒಡೆಯಬಾರದು. ಒಳಗಿನ ಕಾಂಡ ಹೆಂಟೆಯ ಜೊತೆ ಮೇಲೆ ಬಂದು ಬಿಸಿಲಿಗೆ ಬೀಳಬೇಕು. ಒಂದು ಹಸಿ ಮಳೆ ಬೀಳುವ ಮೊದಲು ಅವು ಒಣಗಿ ಕಡ್ಡಿ ಆಗಬೇಕು. ಉಳಿದದ್ದನ್ನ ಕೈಯಿಂದ ಆರಿಸಿ, ಒಡ್ಡಿನ ಆಚೆ ಎಸೆಯದೆ, ಒಣಗಿಸಿ ಸುಡಬೇಕು. ಒಂದು ವರ್ಷಕ್ಕೆ ಮುಗಿಯೋದಿಲ್ಲ, ಮುಂದಿನ ಬೇಸಿಗೆ ಇನ್ನೊಮ್ಮೆ.

ನಾನು ಇದನ್ನ ಕೃಷಿ ವಿಜ್ಞಾನದ ಪುಸ್ತಕದಲ್ಲಿ ಹುಡುಕಿದೆ. ಮಾಗಿ ಉಳುಮೆ, ಬೇಸಿಗೆ ಆಳದ ಉಳುಮೆ ಅಂತ ಅದೇ ಬರೆದಿದೆ. ಕಾರಣವೂ ಇದೆ: ಒಣ ಬಿಸಿಲಲ್ಲಿ ತೆರೆದು ಬಿದ್ದ ಕಾಂಡ ನೀರು ಕಳಕೊಂಡು ಸಾಯುತ್ತೆ, ಹಸಿ ಮಣ್ಣಲ್ಲಿ ತುಂಡಾದ ಕಾಂಡ ಚಿಗುರುತ್ತೆ. ಯಂತ್ರ ಬೇರೆ, ಋತು ಬೇರೆ, ಫಲ ಪೂರ್ತಿ ಉಲ್ಟಾ. ನಾನು ಚರಿತ್ರೆ ಅಂತ ಮಳಖೇಡ, ನಾಗಾವಿ ಸುತ್ತಿದೆ. ನನಗೆ ಬೇಕಾಗಿದ್ದ ಚರಿತ್ರೆ ಅಡುಗೆ ಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿತ್ತು.

ಭಾಗ 8/8

ಕೊನೇ ಭಾಗ, ಲೆಕ್ಕ ಮುಗಿಸೋಣ.

ಒಂದೇ ಕರಕಿ ಒಡ್ಡಿನ ಮೇಲಿದ್ದರೆ ಆಸ್ತಿ, ಸಾಲಿನೊಳಗಿದ್ದರೆ ಸಾಲ. ಒಂದೇ ಎಕ್ಕಿ ಮನೆ ಅಂಗಳದಲ್ಲಿದ್ದರೆ ಮಕ್ಕಳ ಕಣ್ಣಿಗೆ ಅಪಾಯ, ಒಣ ಒಡ್ಡಿನ ಮೂಲೆಯಲ್ಲಿದ್ದರೆ ಚಿಟ್ಟೆಗೆ ಮನೆ. ಗಿಡ ಬದಲಾಗಲಿಲ್ಲ, ನಿಂತ ಜಾಗ ಬದಲಾಯ್ತು. ಹೆಸರು ಮಾತ್ರ ನಾವು ಒಮ್ಮೆ ಇಟ್ಟು ಮರೆತುಬಿಡ್ತೀವಿ. ಬೈಗುಳದ ಗಿಡ ಬೈಗುಳದ ಗಿಡವೇ, ಪೂಜೆಯ ಹುಲ್ಲು ಪೂಜೆಯ ಹುಲ್ಲೇ. ಹಂಗೆ ಮರೆತದ್ದಕ್ಕೇ ಹೊಲ ತೋರಿಸೋ ದಿನ ನಾನು ಎಕ್ಕಿ ಕಡಿದು, ಕರಕಿ ಬಿಟ್ಟು ಹೋದೆ.

ಈ ಬೇಸಿಗೆ ಏಪ್ರಿಲ್‌ನಲ್ಲಿ ಟ್ರ್ಯಾಕ್ಟರಿಗೆ ಪಲ್ಟಿ ನೇಗಿಲು ಹಾಕಿಸಿ ಆಳಕ್ಕೆ ಹೊಡೆಸಿದ್ವಿ. ಈ ಸಲ ಅಪ್ಪನಿಗೆ ಹೇಳಿ. ಹೆಂಟೆ ಒಡೆಯಲಿಲ್ಲ. ನಮ್ಮ ಕಲಬುರಗಿ ಬಿಸಿಲಿನ ಬಗ್ಗೆ ನೀವೆಲ್ಲ ಮೀಮ್ ಮಾಡ್ತೀರಲ್ಲ, ಆ ಬಿಸಿಲಿಗೆ ಮೊದಲ ಸಲ ಥ್ಯಾಂಕ್ಸ್ ಹೇಳಿದೆ. ಭಾನುವಾರ ಭಾನುವಾರ ಅವ್ವ, ನಾನು, ತಂಗಿ ಕರಕಿ ಆರಿಸಿದ್ವಿ. ಆಯಿ ಒಡ್ಡಿನ ಮೇಲೆ ಕೂತು, "ಅಲ್ಲೊಂದು ಅದ ನೋಡು, ಹಿಂದ" ಅಂತ ಕೈ ತೋರಿಸುತ್ತಿದ್ದಳು. ಪಕ್ಕದ ಹೊಲದವರೂ ಒಂದು ದಿನ ಬಂದು ಎರಡು ತಾಸು ಕೂತು ಆರಿಸಿದರು. ಏನೂ ಮಾತಾಡಲಿಲ್ಲ. ಅವ್ವ ಅವರಿಗೆ ಚಹಾ ಕೊಟ್ಟಳು.

ಕಾಕಾನಿಗೆ ಫೋಟೋ ಕಳಿಸಿದೆ. "ಒಂದ್ ತೊಗರಿ ಬೆಳಿ ನೋಡೋಣ, ಆಮ್ಯಾಲ ಮಾತಾಡೋಣ" ಅಂದಿದ್ದಾರೆ. ಮಾರೋದಿಲ್ಲ ಅಂತ ಅವರು ಹೇಳಿಲ್ಲ, ಉಳಿಸ್ತೀನಿ ಅಂತ ನಾನೂ ನಿಮ್ಮ ಮುಂದೆ ಹೇಳಲಾರೆ. ಕರಕಿ ಪೂರ್ತಿ ಹೋಗಿಲ್ಲ, ಮುಂದಿನ ಬೇಸಿಗೆಗೂ ಕೆಲಸ ಇದೆ. ಅಪ್ಪನ ಪಾಳಿ, ನನ್ನ ಕೊನೇ ವರ್ಷದ ಪರೀಕ್ಷೆ, ಮಳೆ, ಈ ಮೂರೂ ಕೂಡಿ ಬರಬೇಕು.

ಎಕ್ಕಿಗಳನ್ನ ಹೊಲದೊಳಗಿಂದ ತೆಗೆದ್ವಿ. ಒಡ್ಡಿನ ಮೂಲೆಯಲ್ಲಿ ಒಂದನ್ನ ಬಿಟ್ಟಿದ್ದೀನಿ. ಕೊನೆಯ ಫೋಟೋದಲ್ಲಿ ಅದರ ಎಲೆ ಕೆಳಗೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ ಕಾಣುತ್ತೆ, ಜೂಮ್ ಮಾಡಿ. ಶನಿವಾರ ಗುಡಿಗೆ ಬೇಕಾದವರು ಬಂದು ಎಲೆ ಕಿತ್ತುಕೊಂಡು ಹೋಗ್ತಾರೆ. ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡಿ ಅಂತ ಹೇಳಿ ಕಳಿಸ್ತೀನಿ.

ಈಗ ನಿಮ್ಮ ಸರದಿ. ನಿಮ್ಮೂರಲ್ಲಿ ಬೀಳು ಬಿದ್ದ ಹೊಲ ಇದೆಯಾ? ಅಲ್ಲಿ ಮೊದಲು ಬಂದ ಗಿಡ ಯಾವುದು? ಕರಕಿ ತೆಗೆಯಲು ನಿಮ್ಮ ಹಿರಿಯರು ಏನು ಮಾಡುತ್ತಿದ್ದರು? ಗೂಗಲ್ ಮಾಡಬೇಡಿ, ಮನೆಯಲ್ಲಿ ಕೇಳಿ ಕಾಮೆಂಟಲ್ಲಿ ಬರೀರಿ. ಆಯಿಗೆ ಓದಿ ಹೇಳ್ತೀನಿ.

#ಎಕ್ಕಿ #ಕರಕಿ #ಗುಂಡಗುರ್ತಿ #ಮಳಖೇಡ #ನಾಗಾವಿ #ಕಲಬುರಗಿ #ತೊಗರಿ_ನಾಡು #ನಮ್ಮೂರ_ಚರಿತ್ರೆ